ಬಿಡ್ತು ಅನ್ನು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರಮಾವ ಚೆನ್ನವೀರಯ್ಯನವರು. ಅವರು ಮಠದಲ್ಲಿ ಕೂತು ಕೇಳಿದ್ದು.

ಒಬ್ಬ ಶಿಷ್ಯ ಗುರುಗಳನ್ನು ಕೇಳಿದ: "ಬುದ್ಧಿ, ನನ್ನ ಹರೆಯದ ಮಗಳು ಸಾಯುವ ಮಾತಾಡುತ್ತಾಳೆ. ಮನೋವೈದ್ಯರಿಗೆ ತೋರಿಸು ಅನ್ನುತ್ತಾರೆ ಶಾಲೆಯ ಮೇಷ್ಟ್ರು. ಕೆದಕಿ ಕೇಳಿದರೆ ಆ ಯೋಚನೆ ಇನ್ನೂ ಬಲಿಯುವುದಿಲ್ಲವೇ? ಸುಮ್ಮನಿದ್ದರೆ ತಾನಾಗಿ ಮರೆಯುತ್ತಾಳಲ್ಲವೇ?"

ಗುರುಗಳು ಹೇಳಿದರು:

ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ದೈವಭಕ್ತ. ಅವನಿಗೆ ಒಬ್ಬಳೇ ಮಗಳು, ನಿನ್ನ ಮಗಳದೇ ವಯಸ್ಸು. ಒಂದು ದಿನ ತಾಯಿ ತಲೆ ಬಾಚುತ್ತಿರುವಾಗ ಹುಡುಗಿ, "ಅವ್ವಾ, ನನಗೆ ಬದುಕೋದೇ ಬೇಡ ಅನ್ನಿಸ್ತದೆ" ಅಂದಳು.

ಬಾಚಣಿಗೆ ನಿಂತಿತು. "ದೀಪ ಹಚ್ಚೋ ಹೊತ್ತಲ್ಲಿ ಎಂಥಾ ಮಾತೇ ಇದು? ಬಿಡ್ತು ಅನ್ನು."

ಕೆಟ್ಟ ಮಾತು ಬಾಯಿಗೆ ಬಂದರೆ ಹಾಗೆ ಅನ್ನಿಸುವುದು ಆ ಮನೆಯ ಪದ್ಧತಿ. ನಮ್ಮೆಲ್ಲರ ಮನೆಯದೂ ಹೌದು. ಹುಡುಗಿ "ಬಿಡ್ತು" ಅಂದಳು. ತಾಯಿ ಜಡೆ ಹಾಕಿ ಹೂ ಮುಡಿಸಿದಳು.

ಇನ್ನೊಂದು ದಿನ ಅದೇ ಮಾತನ್ನು ತಂದೆಯ ಮುಂದೆ ಆಡಿದಳು. ಅವನು ನಕ್ಕ. "ಹೊತ್ತು ಹೊತ್ತಿಗೆ ಉಂಡು ಮಲಗೋಳಿಗೆ ಎಲ್ಲಿಯ ವೈರಾಗ್ಯ ತಾಯಿ? ಬಿಡ್ತು ಅನ್ನು."

ಅಂದಳು. ಆಮೇಲೆ ಆ ಮಾತು ಎತ್ತಲಿಲ್ಲ. ಮಗಳು ಸರಿಹೋದಳೆಂದು ಗಂಡ ಹೆಂಡತಿ ದೇವರಿಗೆ ಕಾಯಿ ಒಡೆಸಿದರು. ಅವಳು ತಟ್ಟೆಯಲ್ಲಿ ಅನ್ನ ಬಿಟ್ಟು ಏಳುತ್ತಿದ್ದಳು, ಯಾರೂ ಕೇಳಲಿಲ್ಲ. ತನ್ನ ಇಷ್ಟದ ಬಳೆಗಳನ್ನು ಗೆಳತಿಗೆ ಕೊಟ್ಟಳು. ಮಗಳಿಗೆ ದಾನಬುದ್ಧಿ ಬಂತೆಂದು ತಾಯಿ ಹಿಗ್ಗಿದಳು.

ಸುಗ್ಗಿಗೆ ಮೊದಲೇ ಹುಡುಗಿ ತನ್ನ ಪ್ರಾಣ ತಾನೇ ಕಳೆದುಕೊಂಡಳು.

ಮಾತಾಡಿಸಿಕೊಂಡು ಹೋಗಲು ಬಂದ ನೆರೆಯವಳು, "ಒಂದು ಮಾತು ಬಾಯಿಬಿಟ್ಟು ಹೇಳಬಾರದಿತ್ತೇ ಆ ಕೂಸು" ಅಂದಳು.

"ಹೇಳಿದ್ದಳು" ಅಂದಳು ತಾಯಿ. "ವಾಪಸು ತೆಗೆಸಿದವಳು ನಾನು."

ಕತೆ ಅಲ್ಲಿಗೆ ನಿಂತಿತು. ಶಿಷ್ಯ ಕೇಳಿದ: "ಆ ತಾಯಿ ಏನು ಅನ್ನಬೇಕಿತ್ತು, ಬುದ್ಧಿ?"

"ಬಾಚಣಿಗೆ ಕೆಳಗಿಟ್ಟು, ಯಾವಾಗಿನಿಂದ ಹೀಗನ್ನಿಸ್ತದೆ ಮಗಳೇ ಅನ್ನಬೇಕಿತ್ತು. ಪೂರ್ತಿ ಕೇಳಿಸಿಕೊಳ್ಳಬೇಕಿತ್ತು. ಕೈಹಿಡಿದು ವೈದ್ಯರ ಹತ್ತಿರ ಕರೆದೊಯ್ಯಬೇಕಿತ್ತು."

ಶಿಷ್ಯ ತಲೆಯಾಡಿಸಿದ. ಗುರುಗಳು ಅವನ ಮುಖ ನೋಡಿದರು.

"ನೀನೂ ಬಿಡ್ತು ಅನ್ನಿಸಿಯೇ ಬಂದೆಯಾ?"

ಶಿಷ್ಯ ಕೈಮುಗಿದು ಎದ್ದು ಮನೆಯ ದಾರಿ ಹಿಡಿದ.

ಹರೆಯದ ಮಕ್ಕಳಿರುವ ಮನೆಗೆ ಹೋದಾಗ ಇದನ್ನು ಹೇಳಿ ಬನ್ನಿ. ನನ್ನ ಹೆಸರು ಬೇಡ, ಮಾವನವರದೂ ಬೇಡ.