ಖುತ್ಬಾದಲ್ಲಿ ಹಾರಿಸಿದ ಹೆಸರು

“ಹಜರತ್, ಗಂಡೆದೆಯವರೇ ಇಲ್ಲದ ಊರಲ್ಲಿ ಚಳವಳಿ ಹೇಗೆ ಹುಟ್ಟುತ್ತದೆ?” ಎಂದು ಶಿಷ್ಯ ಜಲೀಸ್ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಒಂದು ನೇಕಾರರ ಊರು. ಅಲ್ಲಿನ ಮಸೀದಿಯಲ್ಲಿ ಒಬ್ಬ ಖತೀಬನಿದ್ದ. ಶುಕ್ರವಾರದ ನಮಾಜಿಗೆ ಮುಂಚಿನ ಪ್ರವಚನವಾದ ಖುತ್ಬಾ ಓದುವುದು, ಕೊನೆಯಲ್ಲಿ ನವಾಬನ ಹೆಸರು ಹೇಳಿ ದುವಾ ಮಾಡುವುದು ಅವನ ಕೆಲಸ. ನವಾಬ ಸತ್ತ, ಊರು ಕಂಪನಿಯ ಕೈಗೆ ಹೋಯಿತು. ಖತೀಬ ಸತ್ತವನ ಹೆಸರನ್ನೇ ಓದುತ್ತಿದ್ದ. ಯಾರೂ ತಕರಾರು ಮಾಡಲಿಲ್ಲ. ಒಂದು ದಿನ ಕಂಪನಿಯ ಸಾಹೇಬ ಹೇಳಿಕಳಿಸಿದ: ಇನ್ನು ಮೇಲೆ ಆ ಜಾಗದಲ್ಲಿ ವಿಲಾಯತಿ ದೊರೆಯ ಹೆಸರು ಬರಬೇಕು.

ಹೊಸ ಹೆಸರು ಹೇಳಿದರೆ ನೇಕಾರರು ಬಿಡುವುದಿಲ್ಲ. ಹಳೆಯದನ್ನು ಹೇಳಿದರೆ ಸಾಹೇಬ ಬಿಡುವುದಿಲ್ಲ. ಶುಕ್ರವಾರ ಆ ಜಾಗ ಬಂದಾಗ ಖತೀಬ ಹೆದರಿದ. ಹೆಸರನ್ನೇ ಹಾರಿಸಿ ಮುಂದಕ್ಕೆ ಓದಿದ.

ನಮಾಜು ಮುಗಿದ ಮೇಲೆ ಮುದುಕ ನೇಕಾರನೊಬ್ಬ ಅವನ ಕೈಗೆ ಮುತ್ತಿಟ್ಟ.

“ಸತ್ತವರ ಫಾತಿಹಾ ಊಟಕ್ಕೆ ಮಾತ್ರ ನೀವು ಮುಂದೆ ಅಂದುಕೊಂಡಿದ್ದೆವು. ಮಾಫ್ ಮಾಡಿ. ನಮಗೆ ಯಾರೂ ದೊರೆಯಲ್ಲ ಅಂತ ಎಷ್ಟು ಚೆನ್ನಾಗಿ ಹೇಳಿದಿರಿ.”

“ನಾನೇನೂ ಹೇಳಲೇ ಇಲ್ಲವಲ್ಲ, ಚಾಚಾ.”

“ಅದೇ ಮತ್ತೆ.”

ಮುಂದಿನ ಶುಕ್ರವಾರ ಸುತ್ತಲ ಹಳ್ಳಿಯವರೂ ಬಂದರು. ಅಷ್ಟು ಜನರನ್ನು ಕಂಡು ಖತೀಬ ಇನ್ನಷ್ಟು ಹೆದರಿದ, ಮತ್ತೆ ಹಾರಿಸಿದ. ಬಂದವರು ತಮ್ಮ ತಮ್ಮ ಮಸೀದಿಗಳಲ್ಲೂ ದೊರೆಯ ಹೆಸರು ಓದುವುದನ್ನು ಬಿಡಿಸಿದರು. ಆಮೇಲೆ ಕಂಪನಿಗೆ ಬಟ್ಟೆ ನೇಯುವುದನ್ನೂ ಬಿಟ್ಟರು.

ಸಾಹೇಬ ಖತೀಬನನ್ನು ಕಚೇರಿಗೆ ಕರೆಸಿದ. ನೇಕಾರರೂ ಹಿಂದೆಯೇ ಬಂದು ಹೊರಗೆ ನಿಂತರು. ಸಾಹೇಬ ಅಂಥ ಕೆಟ್ಟವನೇನಲ್ಲ. “ಹೆದರಿಕೆಯಿಂದ ಹೆಸರು ಬಿಟ್ಟುಹೋಯಿತು ಅಂತ ಇವರ ಮುಂದೆ ಹೇಳಿಬಿಡಿ, ಮೌಲ್ವಿಗಳೇ. ಮನೆಗೆ ಹೋಗಬಹುದು. ಬೇಕೆಂದೇ ಬಿಟ್ಟಿದ್ದರೆ ಜೈಲು,” ಎಂದ.

ಖತೀಬನಿಗೆ ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ. ನಡೆದದ್ದು ಹೇಳಿದರೆ ಸಾಕಿತ್ತು. ಅವನು ಬಾಗಿಲಿಗೆ ಬಂದ. ಮಗ್ಗ ನಿಲ್ಲಿಸಿ ಬಂದವರೆಲ್ಲ ಅವನ ಬಾಯಿಯನ್ನೇ ನೋಡುತ್ತಿದ್ದರು.

“ಬೇಕೆಂದೇ ಬಿಟ್ಟೆ,” ಎಂದ.

ಕತೆ ನಿಂತಿತು. ಜಲೀಸ್‌ಗೆ ಸಮಾಧಾನವಾಗಲಿಲ್ಲ. “ಮಸೀದಿಯ ಖತೀಬ ಅಷ್ಟು ಜನರ ಮುಂದೆ ಸುಳ್ಳು ಹೇಳಿದ ಹಾಗಾಯಿತಲ್ಲ, ಹಜರತ್?”

“ಸುಳ್ಳೇ ಹೌದು. ಅದನ್ನು ನಿಜ ಮಾಡುವುದಕ್ಕೇ ಅವನು ಜೈಲಿಗೆ ನಡೆದ,” ಎಂದರು ಗುರುಗಳು.