ಇಬ್ಬರೊರತೆಯ ಮಹಿಮೆ

ಪಡುಗಡಲ ಹಡಗುಗಳು ಮೆಣಸಿಗಾಗಿ ಕನ್ನಡ ಕರಾವಳಿಯ ಅಳಿವೆಗಳನ್ನು ಅರಸಿ ಬರುತ್ತಿದ್ದ, ಕ್ರಿಸ್ತನ ಶಿಷ್ಯಪರಂಪರೆಯು ಇನ್ನೂ ದೇವಾಲಯವನ್ನಾಗಲಿ ಗೋಪುರಘಂಟೆಯನ್ನಾಗಲಿ ಅರಿಯದೆ ಮನೆಯಂಗಳಗಳಲ್ಲಿಯೇ ರೊಟ್ಟಿ ಮುರಿದು ಸ್ತುತಿಗೈಯುತ್ತಿದ್ದ ಆ ಪುರಾತನ ಕಾಲದಲ್ಲಿ, ಆಗ ನಿರ್ಜಲವಾಗಿದ್ದ ಕರ್ಗಲ್ಲುಮೊರಡಿಯೆಂಬ ಈ ಗಿರಿಯ ಮೇಲೆ ಮಾಕಬ್ಬೆಯೆಂಬ ವಿಧವೆಯು ಏಕಾಕಿನಿಯಾಗಿ ವಾಸವಾಗಿದ್ದಳು.

ಹಿಂದೊಮ್ಮೆ ಇಲ್ಲಿ ನಲವತ್ತು ಮನೆಗಳ ಸಭೆಯಿತ್ತು. ಅಳಿವೆಯ ಬಾಯಿ ಮರಳಿನಿಂದ ಹೂತು ಹಡಗುಗಳು ಬೇರೆ ರೇವನ್ನು ಹಿಡಿದ ಮೇಲೆ ಜನರು ಒಬ್ಬೊಬ್ಬರಾಗಿ ಚದುರಿದರು. ಸಭೆಯ ಹಿರಿಯನಾದ ದಾದೀಶುವು, ಜನರನ್ನು ಮರಳಿ ಕೂಡಿಸಬಲ್ಲ ತರುಣ ಬೋಧಕನೊಬ್ಬನನ್ನು ಕರೆತರಲೆಂದು ಕಡೆಯ ಹಡಗನ್ನೇರುವ ಮುನ್ನ, ತಾನೇ ಅಕ್ಷರ ಕಲಿಸಿದ್ದ ಮಾಕಬ್ಬೆಯ ಶಿರದ ಮೇಲೆ ಕೈಯಿರಿಸಿ, ಸಭೆಗೆ ಬಂದ ಓಲೆಯನ್ನು ಸಭೆಯ ನಡುವೆಯೇ ಬಿಚ್ಚತಕ್ಕದ್ದೆಂದೂ, ಒಬ್ಬರಿದ್ದರೆ ಅದು ಸಭೆಯಲ್ಲವೆಂದೂ ವಿಧಿಸಿ ಹೋದನು. ಅವನ ಮುದ್ರೆಯುಳ್ಳ ಓಲೆಯು ವರ್ತಕನೊಬ್ಬನ ಕೈಯಿಂದ ಮೊರಡಿಯನ್ನು ತಲುಪುವ ಹೊತ್ತಿಗೆ, ಆಕೆಯು ತನ್ನ ಕಡೆಯ ಸಂಗಾತಿಯನ್ನು ಮಣ್ಣುಮಾಡಿ ಹದಿನೈದು ದಿನಗಳಾಗಿದ್ದವು.

ಒಂಬತ್ತು ವರ್ಷ ಆಕೆ ಓಲೆಯನ್ನು ಬಿಚ್ಚಲಿಲ್ಲ. ದೀಕ್ಷಾಸ್ನಾನ ಪಡೆದ ಇನ್ನೊಬ್ಬರು ಬಂದಾರೆಂದು ಪ್ರತಿ ಭಾನುವಾರದ ಪ್ರಾತಃಕಾಲದಲ್ಲಿ ಬಂಡೆಯ ಮೇಲೆ ಎರಡು ಚಾಪೆಗಳನ್ನು ಹಾಸುವಳು; ಬಿಸಿಲೇರಿದಾಗ ಎರಡನ್ನೂ ಸುತ್ತಿಡುವಳು. ಕೀರ್ತನೆಯ ಒಂದು ಚರಣವನ್ನು ತಾನು ಹಾಡಿ, ಎದುರುಚರಣಕ್ಕೆ ಬೇಕಾದಷ್ಟು ಹೊತ್ತು ಸುಮ್ಮನಿದ್ದು, ಮುಂದಿನದನ್ನು ಎತ್ತಿಕೊಳ್ಳುವಳು. ಹಿರಿಯನು ಬರುವೆನೆಂದಿರುವನೋ, ಬರಲಾರೆನೆಂದಿರುವನೋ, ಉತ್ತರವು ಮಡಿಲಲ್ಲಿಯೇ ಇದ್ದೂ ಆಕೆಗೆ ತಿಳಿಯದಾಗಿತ್ತು.

ಅಂಥದೊಂದು ಭಾನುವಾರ ಬೂಚನೆಂಬ ಬೇಡನು, ಕಾಲಿಗೆ ಮುಳ್ಳು ಮುರಿದು, ಕುಂಟುತ್ತ ಮೊರಡಿಯನ್ನೇರಿದನು. ಅತಿಥಿಯ ಪಾದ ತೊಳೆಯುವುದು ಸಭೆಯ ವಿಧವೆಯರ ವ್ರತವಾದುದರಿಂದ, ಹರದಾರಿ ದೂರದ ಹಳ್ಳದಿಂದ ಹೊತ್ತುತಂದಿದ್ದ ಕೊಡವನ್ನು ಆಕೆ ಎತ್ತಿಕೊಂಡಳು.

“ಅಬ್ಬೇ, ಇದು ಕುಡಿಯುವ ನೀರಲ್ಲವೇ? ನನ್ನ ಕಾಲಿಗೆ ಮಣ್ಣೇ ಒಡವೆ, ಬಿಡು” ಎಂದನು ಬೂಚ.

“ಒಡವೆ ಕಳಚಿದ ಮೇಲೆ ಕಾಲು ಉಳಿದಿದೆಯೋ ಇಲ್ಲವೋ ನೋಡೋಣ. ನೀಡು, ಮಗನೆ.”

ಅವನ ದೃಷ್ಟಿಯು ಆಕೆಯ ಮಡಿಲ ಓಲೆಯ ಮೇಲೆ ಬಿದ್ದಿತು. “ಅದನ್ನೇಕೆ ಬಿಚ್ಚಿಲ್ಲ?”

“ಕೇಳುವವರು ಇನ್ನೊಬ್ಬರು ಬೇಕು.”

“ನಾನಿಲ್ಲವೇ? ಕಿವಿ ಮಾತ್ರ ಒಂದೇ. ಇನ್ನೊಂದನ್ನು ಕರಡಿ ಒಯ್ದಿತು.”

ಒಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಮಾಕಬ್ಬೆ ನಕ್ಕಳು. ಆದರೆ ದೀಕ್ಷೆಯಿಲ್ಲದ ಇವನನ್ನು ಸಭೆಯೆಂದು ಎಣಿಸಿದರೆ ಹಿರಿಯನ ವಿಧಿಗೆ ದ್ರೋಹ, ಕಳುಹಿಸಿಬಿಟ್ಟರೆ ಮತ್ತೊಬ್ಬರು ಬರುವ ಭರವಸೆಯಿಲ್ಲ ಎಂಬ ಚಿಂತೆಯಲ್ಲಿ ಮರುಕ್ಷಣವೇ ಮೈಮರೆತು ನೀರೆರೆಯುತ್ತಿರಲು, ಕೊಡವು ಅವನ ಪಾದಗಳ ಮೇಲೆ ಪೂರ್ತಿ ಬರಿದಾಯಿತು. ಕೊಡ ಬರಿದಾದರೂ ಹರಿವು ನಿಲ್ಲಲಿಲ್ಲ. ಆ ಪಾದಗಳ ಕೆಳಗಿನ ಶಿಲಾರಂಧ್ರದಿಂದ ಶೀತಲ ಜಲಧಾರೆಯು ಉಕ್ಕುತ್ತಿರಲು, ನಿರ್ಮೇಘವಾದ ಆಕಾಶದಿಂದ ವಾಣಿಯೊಂದು ಕೇಳಿಸಿತು:

“ನೀವು ಇಬ್ಬರು, ಮೂರನೆಯವನು ನಾನು. ಬಿಚ್ಚು, ಓದು.”

ಆಕೆ ಮುದ್ರೆಯನ್ನೊಡೆದು ಓದಿದಳು. “ಮೊರಡಿಯ ಸಭೆಗೆ ದಾದೀಶುವಿನ ವಂದನೆ. ಬೋಧಕನು ದೊರೆಯಲಿಲ್ಲ, ಮರಳಿ ಹಡಗನ್ನೇರುವ ಬಲ ನನಗಿಲ್ಲ. ಈ ರೇವಿನಲ್ಲಿ ನನ್ನೊಡನೆ ರೊಟ್ಟಿ ಮುರಿಯುವವರು ಯಾರೂ ಇಲ್ಲ. ನೀವು ಕೂಡಿ ಇದನ್ನು ಓದುವ ಹೊತ್ತು, ನನ್ನನ್ನೂ ನಿಮ್ಮೊಳಗೊಬ್ಬನೆಂದು ಎಣಿಸಿರಿ.”

ಬೂಚನು ಕೇಳಿದನು: “ಆಮೇಲೆ ಅವನಿಗೆ ಯಾರಾದರೂ ಸಿಕ್ಕರೇ, ಅಬ್ಬೇ?”

“ಓಲೆಯಲ್ಲಿ ಅದಿಲ್ಲ” ಎಂದಳು ಮಾಕಬ್ಬೆ.

ಆ ನೀರಿನಲ್ಲಿಯೇ ಬೂಚನು ದೀಕ್ಷಾಸ್ನಾನ ಪಡೆದನು. ಇಂದಿಗೂ ಬತ್ತದೆ ಸ್ರವಿಸುವ ಈ ಧಾರೆಗೆ ಇಬ್ಬರೊರತೆಯೆಂಬ ನಾಮಧೇಯವು ಅಂದಿನಿಂದ ಬಂದುದು. ಒಬ್ಬಂಟಿಯಾಗಿ ಬಂದ ಯಾತ್ರಿಕರು ಇಲ್ಲಿ ತಾವು ತಂದ ಗ್ರಂಥವನ್ನು ತೆರೆಯುವುದಿಲ್ಲ. ಯಾವ ಕುಲದವರಾಗಲಿ ಯಾವ ಮತದವರಾಗಲಿ, ಇನ್ನೊಬ್ಬರು ಬರುವವರೆಗೆ ಕಾದಿದ್ದು, ಬಂದವರ ಪಾದ ತೊಳೆದು ಓದುತ್ತಾರೆ. ಮಳೆಗಾಲದಲ್ಲಿ ದಾರಿ ಕೆಟ್ಟು, ದಿನವಿಡೀ ಕಾದರೂ ಯಾರೂ ಬಾರದೆ, ಗ್ರಂಥವನ್ನು ಮುಚ್ಚಿದಂತೆಯೇ ಎತ್ತಿಕೊಂಡು ಇಳಿಯುವವರೂ ಉಂಟು. ತಾನೂ ಒಬ್ಬಂಟಿಯಾಗಿದ್ದ ಹಿರಿಯನು ಓಲೆ ಬರೆದದ್ದು ಅವರಿಗಾಗಿಯೇ ಎಂದು ಮೊರಡಿಯವರು ಹೇಳುತ್ತಾರೆ.