ಐತನ ಸಾಕ್ಷಿ

ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಕರಾವಳಿಯ ಒಂದು ಊರಿನಲ್ಲಿ ನಥಾನಿಯೇಲ್ ಸಾಲಿನ್ಸ್ ಎಂಬ ಕ್ರೈಸ್ತ ವಕೀಲರಿದ್ದರು. ಜೀತದಾಳುಗಳ ಪರ ನಿಂತರೆಂದು ದೊಡ್ಡ ಮನೆಗಳ ಕಕ್ಷಿದಾರರೆಲ್ಲ ಅವರನ್ನು ಬಿಟ್ಟುಹೋಗಿದ್ದರು. ಎಲೀಷನೆಂಬ ತರುಣನೊಬ್ಬ ಮಾತ್ರ ವಕೀಲಿ ಕಲಿಯುತ್ತ ಅವರ ಬಳಿ ಉಳಿದಿದ್ದ.

ಒಮ್ಮೆ ಅಂಗಾರನೆಂಬ ಜೀತದಾಳಿನ ಕಾಲನ್ನು ಅವನ ಧಣಿ ಹೊಡೆದು ಮುರಿದಿದ್ದ. ಅಂಗಾರನ ಪರ ಸಾಲಿನ್ಸ್ ಗುರುಗಳು ಮೊಕದ್ದಮೆ ಹೂಡಿದರು. ಧಣಿ ಹೊಡೆದದ್ದನ್ನು ಕಣ್ಣಾರೆ ಕಂಡವನು ಅಂಗಾರನ ತಮ್ಮ ಐತ ಒಬ್ಬನೇ. ಅದೇ ಐತ ಧಣಿಯ ಪರವಾಗಿ ಕಟಕಟೆ ಹತ್ತಿದ.

"ಅಣ್ಣ ಮರದಿಂದ ಬಿದ್ದ," ಎಂದ.

"ಯಾವ ಮರ?" ಎಂದು ಧಣಿಯ ವಕೀಲ ಕೇಳಿದ.

"ಗದ್ದೆ ಬದುವಿನ ಮಾವಿನ ಮರ."

ಎಲೀಷ ಗುರುಗಳ ಕಿವಿಯಲ್ಲಿ ಪಿಸುಗುಟ್ಟಿದ: "ಆ ಮರ ಹೋದ ಮಳೆಗಾಲದಲ್ಲೇ ಉರುಳಿದೆ, ಗುರುಗಳೇ. ಅದರ ಬುಡ ನಾನೇ ನೋಡಿ ಬಂದಿದ್ದೇನೆ. ಅದೊಂದನ್ನು ಕೇಳಿ ಸಾಕು. ಸುಳ್ಳುಸಾಕ್ಷಿಗೆ ಜೈಲು ಸೇರುತ್ತಾನೆ."

"ಹೌದು, ಸೇರುತ್ತಾನೆ," ಎನ್ನುತ್ತ ಗುರುಗಳು ಎದ್ದರು.

ಧಣಿ ಐತನನ್ನೇ ದಿಟ್ಟಿಸುತ್ತಿದ್ದ.

ಗುರುಗಳು ಅವರಿಬ್ಬರ ನಡುವೆ ಹೋಗಿ ನಿಂತರು.

"ಐತ, ನೀನಿರುವ ಗುಡಿಸಲು ಯಾರದು?"

"ಧಣಿಗಳದ್ದು."

"ಹೆಂಡತಿ ಮಕ್ಕಳು?"

"ಅಲ್ಲೇ ಇದ್ದಾರೆ, ಒಡೆಯಾ."

"ಇಲ್ಲ. ಬೆಳಿಗ್ಗೆ ನನ್ನ ಹೆಂಡತಿ ಹೋಗಿ ಅವರನ್ನು ನಮ್ಮ ಮನೆಗೆ ಕರೆತಂದಿದ್ದಾಳೆ. ನೀನು ಯಾವ ಮಾತು ಹೇಳಿದರೂ ಅವರು ಅಲ್ಲೇ ಇರಬಹುದು. ನೀನೂ ಇರಬಹುದು."

"ಇದು ಆಮಿಷ!" ಧಣಿಯ ವಕೀಲ ಕೂಗಿದ.

"ಸಾಕ್ಷಿ ಹೇಳಲಿ," ಎಂದರು ಮ್ಯಾಜಿಸ್ಟ್ರೇಟರು.

"ಈಗ ಹೇಳಪ್ಪಾ," ಗುರುಗಳು ದನಿ ತಗ್ಗಿಸಿದರು. "ಅಣ್ಣನಿಗೆ ಏನಾಯಿತು?"

ಐತ ಅಳುತ್ತಲೇ ಎಲ್ಲವನ್ನೂ ಹೇಳಿದ.

ಧಣಿ ತಪ್ಪಿತಸ್ಥನೆಂದು ತೀರ್ಪಾಯಿತು.

ಸಂಜೆ ಗುರುಗಳು, ಎಲೀಷ, ಐತ ಮೂವರೂ ಹೊರಬಂದರು. ಗುರುಗಳ ಮನೆಗೆ ಇದ್ದದ್ದು ಹೊಳೆದಂಡೆಯ ದಾರಿ ಒಂದೇ. ಅಲ್ಲಿ ಧಣಿಯ ಆಳುಗಳು ದೊಣ್ಣೆ ಹಿಡಿದು ಸಾಲಾಗಿ ನಿಂತಿದ್ದರು.

ಐತ ಮುಂದೆ ಹೆಜ್ಜೆ ಇಡಲಾರದೆ ಹೋದ.

ಎಲೀಷ ಗುರುಗಳ ತೋಳು ಹಿಡಿದು ನಿಲ್ಲಿಸಿದ. "ಗುರುಗಳೇ, ಸತ್ಯ ಹೊರಗೆ ಬಂತಲ್ಲ. ವಕೀಲರ ಕೆಲಸ ಅಲ್ಲಿಗೆ ಮುಗಿಯಿತಲ್ಲವೇ?"

ಊರಿನಲ್ಲಿ ಯಾರೂ ಮುಟ್ಟದ ಐತನ ಕೈಯನ್ನು ಗುರುಗಳು ಗಟ್ಟಿಯಾಗಿ ಹಿಡಿದುಕೊಂಡರು.

"ಈ ಕೈ ನಾನು ಹಿಡಿದಿದ್ದೇನೆ," ಎಂದರು. "ಆ ಕೈ ನೀನು ಹಿಡಿ."